ದಾರಿಯಲ್ಲಿದ್ದ ನೀರು

ಕಾಲುವೆಯ ಕೊನೆಯ ಗದ್ದೆಯಿಂದ ಹೊರಟ ಆಮೆ ಮಂಜಿನಲ್ಲಿ ತೇಲಿದಂತೆ ನಡೆದು ಕೆರೆಯ ತೂಬಿನ ಬಳಿಗೆ ಬಂತು. "ಪೈರಿಗೆ ಇನ್ನೂ ಬಾಯಾರಿಕೆ. ನೀನು ನೋಡಿದರೆ ಬಾಗಿಲು ಮುಚ್ಚುತ್ತಿದ್ದೀಯೆ."

"ಅದು ನೀನು ಹೊರಟಾಗಿನ ಬಾಯಾರಿಕೆ," ಎಂದಿತು ತೂಬು. "ನಾನು ಆಗಲೇ ಬಿಟ್ಟ ನೀರು ಇನ್ನೂ ದಾರಿಯಲ್ಲಿದೆ. ಹೋದ ಬೆಳೆಗೆ ನೀನು ಬಂದು ಸಾಕೆನ್ನುವವರೆಗೂ ಬಿಟ್ಟೆ, ಪೈರು ಕೊಳೆಯಿತು."

"ಕಲ್ಲಿಗೆಲ್ಲಿಯ ಕರುಳು," ಎಂದು ಗೊಣಗುತ್ತ ಆಮೆ ಹಿಂತಿರುಗಿತು. ಬರುವಾಗ ಮಂಜಿನಲ್ಲಿ ಕಾಣದಿದ್ದ ನೀರು ಈಗ ನಿದ್ದೆಯಲ್ಲಿ ನಡೆಯುವವರಂತೆ ಅದರ ಪಕ್ಕದಲ್ಲೇ ಹರಿಯುತ್ತಿತ್ತು.

ಗದ್ದೆಯಲ್ಲಿ ಪೈರು ಬುಡ ಮುಳುಗುವಷ್ಟು ನೀರಲ್ಲಿ ತೂಗುತ್ತಿತ್ತು. "ಇನ್ನು ಸಾಕು ಅಂತ ತೂಬಿಗೆ ಬೇಗ ಹೇಳಿ ಬಾ," ಎಂದಿತು.

"ನೀನು ಹೇಳುವ ಮೊದಲೇ ಅದಕ್ಕೆ ಕೇಳಿಸಿದೆ," ಎಂದು ಆಮೆ ನೀರಿಗಿಳಿಯಿತು.