ಯೋನಪ್ಪ ಕಳಿಸಿದ ಕ್ಷೌರದ ಕತ್ತಿ

ಯೋನಪ್ಪ ಊರಿನ ಕ್ಷೌರಿಕ. ದೀಕ್ಷಾಸ್ನಾನದ ದಿನ ಹೊಳೆಯಲ್ಲಿ ಮುಳುಗಿ ಎದ್ದು, ಯೇಸುಸ್ವಾಮಿ ಎಲ್ಲಿಗೆ ಕರೆದರೂ ಹೋಗುತ್ತೇನೆ ಎಂದು ಎಲ್ಲರೆದುರು ಎದೆ ಮುಟ್ಟಿ ಹೇಳಿದ್ದ. ಹೇಳುವಾಗ ಆ ಮಾತು ನಿಜವೇ ಆಗಿತ್ತು.

ಅವನಿಗೆ ದೀಕ್ಷೆ ಕೊಟ್ಟ ಉಪದೇಶಿ ಗಿಡಿಯೋನಯ್ಯ ಒಮ್ಮೆ ಅಂಗಡಿಗೆ ಬಂದ. ಹೊಳೆಯಾಚೆ ಕುಷ್ಠದವರ ಕೇರಿ. ಮದ್ದಿನಿಂದ ರೋಗವೇನೋ ಹೋಗಿದೆ, ಆದರೂ ಅತ್ತ ಯಾರೂ ಸುಳಿಯುವುದಿಲ್ಲ. ಹಬ್ಬಕ್ಕೆ ಅವರ ಗಡ್ಡ ತೆಗೆದು ಬಾ ಎಂದ. ಕರಿಬಸಜ್ಜನೆಂಬ ಮುದುಕನಂತೂ ಬಾಗಿಲಲ್ಲೇ ಕೂತು ದಾರಿ ಕಾಯುತ್ತಾನಂತೆ. ಉಪದೇಶಿಯ ಕೈ ವಯಸ್ಸಿಗೆ ನಡುಗುತ್ತಿತ್ತು, ಕತ್ತಿ ಹಿಡಿಯುವ ಹಾಗಿರಲಿಲ್ಲ.

ಯೋನಪ್ಪ ಹೂಂ ಅನ್ನುವಷ್ಟರಲ್ಲಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಊರ ಗೌಡ ಕಣ್ಣು ತೆರೆದ.

"ಹೋಗಪಾ, ಹೋಗು. ಅವರನ್ನ ಮುಟ್ಟಿದ ಕೈ ಮತ್ತ ನನ್ನ ಗಲ್ಲಕ್ಕ ಬ್ಯಾಡ. ವರ್ಷದ ಜೋಳಾನೂ ನಿಮ್ಮ ಸ್ವಾಮೀನ ಅಳೀಲಿ."

ಗೌಡ ಬಿಟ್ಟರೆ ಊರೇ ಬಿಟ್ಟಂತೆ. ಕ್ಷೌರದ ಕೂಲಿಯೆಂದು ಮನೆಮನೆಯವರು ವರ್ಷಕ್ಕೊಮ್ಮೆ ಅಳೆಯುವ ಜೋಳವೇ ಯೋನಪ್ಪನ ಹೊಟ್ಟೆಪಾಡು. ಗೌಡರ ಮನೆ ಮದುವೆ ಮುಗಿಯಲಿ ಎಂದ ಉಪದೇಶಿಗೆ. ಮದುವೆ ಮುಗಿದ ಮೇಲೆ, ಸುಗ್ಗಿಯ ಜೋಳ ಕೈಸೇರಲಿ ಎಂದ. ಹಬ್ಬ ಹತ್ತಿರ ಬಂತು. ಮನಸ್ಸು ಚುಚ್ಚತೊಡಗಿದಾಗ ಹೊಸ ಕತ್ತಿ, ಸೋಪು, ಒಂದು ಒಳ್ಳೆಯ ಕನ್ನಡಿ ಕೊಂಡು ಉಪದೇಶಿಯ ಕೈಯಲ್ಲಿ ಕಳಿಸಿಬಿಟ್ಟ. ತಾನೇ ಹೋದಷ್ಟು ಹಗುರಾಯಿತು ಅವನಿಗೆ.

ವಾರ ಬಿಟ್ಟು ಬಂದ ಗಿಡಿಯೋನಯ್ಯನನ್ನು, ಎಲ್ಲರಿಗೂ ಕ್ಷೌರ ಆಯಿತಾ ಎಂದು ಯೋನಪ್ಪ ಕೇಳಿದ. ಕನ್ನಡಿಯನ್ನು ಅವರು ಗೋಡೆಗೆ ತಿರುಗಿಸಿ ಇಟ್ಟಿದ್ದಾರೆ ಎಂದ ಉಪದೇಶಿ. ಆಮೇಲೆ ಮೆಲ್ಲಗೆ ಅಂದ:

"ಕತ್ತಿ ಹಿಡಿಯಾಕ ಬೆರಳು ಬೇಕಲ್ಲೋ, ಯೋನಪ್ಪ."

ಯೋನಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಷೌರದ ಪೆಟ್ಟಿಗೆ ಹೊತ್ತು, ಎಲ್ಲರೂ ನೋಡುತ್ತಿದ್ದಂತೆ ಹೊಳೆ ದಾಟಿದ. ಕೇರಿಯ ಮೊದಲ ಗುಡಿಸಲಿನ ಮುಂದೆ ಜನ ಸೇರಿದ್ದರು. ಕರಿಬಸಜ್ಜ ಬೆಳಗ್ಗೆ ತೀರಿಕೊಂಡಿದ್ದ.

ಯಾರೂ ಬೈಯಲಿಲ್ಲ. ಒಬ್ಬಳು ಮುದುಕಿ ಬಿಸಿನೀರು ತಂದಿಟ್ಟಳು. "ಬಂದೀಯಲ್ಲ, ಚಂದ ಮಾಡಿ ಕಳಿಸು" ಎಂದಳು. ಯೋನಪ್ಪ ಹೆಣದ ಗಲ್ಲ ಹಿಡಿದ. ಎಷ್ಟು ನೀರು ಹಚ್ಚಿದರೂ ಅದು ಬೆಚ್ಚಗಾಗಲಿಲ್ಲ.

ಮರುದಿನ ಊರಿನಲ್ಲಿ ಒಂದು ಬಾಗಿಲೂ ಅವನಿಗೆ ತೆರೆಯಲಿಲ್ಲ. ಯಾವುದಕ್ಕೆ ಹೆದರಿದ್ದನೋ ಅದೆಲ್ಲ ಆಯಿತು. ಯಾರಿಗಾಗಿ ಊರನ್ನು ಕಳೆದುಕೊಳ್ಳಬೇಕಿತ್ತೋ ಆ ಅಜ್ಜ ಮಾತ್ರ ಇರಲಿಲ್ಲ.

ಈಗ ಅವನು ಆ ಕೇರಿಯಲ್ಲೇ ಇದ್ದಾನೆ. ಉಳಿದವರ ಗಡ್ಡ ತೆಗೆಯುತ್ತಾನೆ. ನೊರೆ ಹಚ್ಚುವ ಮುಂಚೆ ಪ್ರತಿಯೊಬ್ಬರ ಕೆನ್ನೆಯ ಮೇಲೂ ಒಂದು ಗಳಿಗೆ ಅಂಗೈ ಇಡುತ್ತಾನೆ, ಬೆಚ್ಚಗಿದೆಯಾ ಎಂದು.

ನೀತಿ: ಸ್ವಾಮಿ ಕರೆದದ್ದು ನಿನ್ನನ್ನು, ನಿನ್ನ ಬದಲು ಸಾಮಾನು ಕಳಿಸಬೇಡ. ಶಿಷ್ಯನಾಗುವುದಕ್ಕೆ ಬೆಲೆ ಇದ್ದೇ ಇದೆ. ತಡಮಾಡಿದರೆ ಆ ಬೆಲೆ ಇಳಿಯುವುದಿಲ್ಲ, ಕಾದು ಕೂತವರು ಮಾತ್ರ ಇಲ್ಲವಾಗುತ್ತಾರೆ.