ಕೋಬೆಯ ಕೋಳಿಸಾರು

ನದಿಯಾಚೆ, ಊರಿಗೆ ಎದುರು ದಡದಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಒಂದು ಅಡುಗೆಮನೆ, ಒಂದು ಜಗಲಿ. ಮಡಿವಂತರು ಅತ್ತ ಸುಳಿಯುತ್ತಿರಲಿಲ್ಲ. ಉಳಿದವರು ದೋಣಿ ಹತ್ತಿ ಬರುತ್ತಿದ್ದರು, ಉಂಡು ಹೋಗುತ್ತಿದ್ದರು.

ಗುರು ಐತಪ್ಪ ಹಿಂದೆ ಹಡಗಿನಲ್ಲಿ ಅಡುಗೆ ಮಾಡಿದವನು. ಶಿಷ್ಯ ಲೋಕಯ್ಯ ಮದುವೆಮನೆಗಳಲ್ಲಿ ಸೌಟು ಹಿಡಿದೇ ತಲೆ ನರೆತವನು.

ಗುರು ಅನ್ನ ಬಿಟ್ಟಿದ್ದ. ಗಂಜಿ ತಂದರೆ ಮುಖ ತಿರುಗಿಸುತ್ತಿದ್ದ. ಜಗಲಿಯ ಮೇಲೆ ಹೊದ್ದು ಮಲಗಿದವನು ಏಳಲಿಲ್ಲ. ಲೋಕಯ್ಯನಿಗೆ ಇದ್ದದ್ದು ಒಂದೇ ಆಸೆ. ಹೋಗುವ ಮೊದಲು ಗುರು ತನ್ನ ಕೈಯಿಂದ ಒಂದು ತುತ್ತು ತಿನ್ನಬೇಕು.

ಒಂದು ಬೆಳಿಗ್ಗೆ ಗುರು ತಾನಾಗಿಯೇ ಬಾಯಿ ಬಿಟ್ಟ.

"ಕೋಬೆಯ ಕೋಳಿಸಾರು ಮಾಡು."

ಜಪಾನಿನ ಆ ಬಂದರಿನಲ್ಲಿ ಗುರು ಕಲಿತು ಬಂದ ಸಾರು ಅದು. ಲೋಕಯ್ಯನ ಎದೆ ಹಗುರಾಯಿತು. ಸಣ್ಣ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟ.

"ಅದಲ್ಲ. ಕರೆಂಟಿನ ಸ್ಲೋ ಕುಕ್ಕರ್ ತೆಗೆ. ದೊಡ್ಡದು. ಕಂಠಮಟ್ಟ ತುಂಬಿಸು. ಸಂಜೆವರೆಗೆ ಮೆಲ್ಲಗೆ ಬೇಯಲಿ."

ಇಬ್ಬರಿಗೆ ಅಷ್ಟು ಯಾಕೆ ಎಂದು ಲೋಕಯ್ಯ ಕೇಳಿದ. ಗುರು ಕಣ್ಣು ಮುಚ್ಚಿದ.

ಲೋಕಯ್ಯ ಕೋಳಿ ತುಂಡು ಮಾಡಿದ. ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ ಹೆಚ್ಚಿದ. ಒಂದು ಸೇಬು ತುರಿದ. ಮೆಣಸು ಹುರಿಯಲೇ, ಒಗ್ಗರಣೆ ಬೇಡವೇ ಎಂದು ವಿಚಾರಿಸಿದ. ಹಾಕು, ಮುಚ್ಚು, ಬಿಡು ಎಂದ ಗುರು.

ಬಿಡುವುದೊಂದೇ ಲೋಕಯ್ಯನಿಗೆ ಗೊತ್ತಿರಲಿಲ್ಲ. ಕೊಪ್ಪರಿಗೆಯ ಮುಂದೆ ನಿಂತು ಕೈಯಾಡಿಸಿದ ಜೀವ. ಸ್ವಲ್ಪ ಹೊತ್ತಿಗೇ ಮುಚ್ಚಳ ಎತ್ತಿದ. ಕಟ್ಟಿದ್ದ ಹಬೆ ಹಾರಿಹೋಯಿತು. ಆಲೂಗಡ್ಡೆ ಕಲ್ಲಿನ ಹಾಗಿತ್ತು.

ಜಗಲಿಗೆ ಬಂದು ಗುರುವಿನ ಹೊದಿಕೆ ಎತ್ತಿದ. ಉಸಿರಿತ್ತು. ಒಳಗೆ ಹೋಗಿ ಮತ್ತೆ ಮುಚ್ಚಳ ಎತ್ತಿದ. ಹೊರಗೆ ಬಂದು ಮತ್ತೆ ಹೊದಿಕೆ.

"ಲೋಕಯ್ಯ."

"ಹೇಳಿ ಗುರುಗಳೇ."

"ನೋಡಿದರೆ ಬೇಯುತ್ತದಾ?"

"ಇಲ್ಲ."

"ನೋಡಿದರೆ ನಾನು ಉಳಿಯುತ್ತೇನಾ?"

ಲೋಕಯ್ಯ ಹೊದಿಕೆ ಸರಿ ಮಾಡಿದ.

ಮಧ್ಯಾಹ್ನ ದಾಟಿತು. ಗುರುವಿನ ಉಸಿರು ಬಿಟ್ಟುಬಿಟ್ಟು ಬರುತ್ತಿತ್ತು. ಲೋಕಯ್ಯನಿಗೆ ತಡೆಯಲಾಗಲಿಲ್ಲ. ಸೌದೆ ಒಲೆಯ ಮೇಲಿಟ್ಟರೆ ಈಗಲೇ ಬೆಂದುಬಿಡುತ್ತದೆ ಎಂದ.

"ಯಾರಿಗೆ ಅವಸರ?"

"ನನಗೆ."

"ಸಾಯುವವನು ನಾನು ಮಾರಾಯ. ನನಗೇ ಇಲ್ಲ."

ಆಮೇಲೆ ಲೋಕಯ್ಯ ಮುಚ್ಚಳ ಮುಟ್ಟಲಿಲ್ಲ. ಹೊದಿಕೆಯನ್ನೂ ಮುಟ್ಟಲಿಲ್ಲ. ಎರಡರ ನಡುವೆ ಹೊಸ್ತಿಲ ಮೇಲೆ ಕುಳಿತ. ಅಷ್ಟು ಸುಮ್ಮನೆ ಅವನು ಎಂದೂ ಕುಳಿತವನಲ್ಲ.

ಬಿಸಿಲು ಇಳಿದಾಗ ಗುರು ಬೆರಳು ಅಲ್ಲಾಡಿಸಿದ. ಲೋಕಯ್ಯ ಎದ್ದು ಡಬ್ಬಿಯಲ್ಲಿದ್ದ ಜಪಾನಿನ ಮಸಾಲೆಯ ಗಟ್ಟಿ ಮುರಿದು ಸಾರಿಗೆ ಹಾಕಿದ. ಬೆಲ್ಲದ ಅಚ್ಚಿನ ಹಾಗಿದ್ದದ್ದು ಸದ್ದಿಲ್ಲದೆ ಕರಗಿತು. ಸಾರು ಮಂದವಾಯಿತು, ಹೊಸ ನೀರು ಬಂದ ನದಿಯ ಬಣ್ಣವಾಯಿತು. ಮಾಂಸ ಮೂಳೆ ಬಿಟ್ಟಿತ್ತು.

ಒಂದು ಬಟ್ಟಲಲ್ಲಿ ಹಾಕಿಕೊಂಡು ಬಂದ. ಗುರು ಮೂಸಿದ.

"ಉಪ್ಪು ಚಿಟಿಕೆ ಕಮ್ಮಿ."

ಲೋಕಯ್ಯ ಒಳಗೆ ಹೋಗಿ ಉಪ್ಪು ಹಾಕಿ ಬಂದ. ಚಮಚ ಎತ್ತಿ ಹಿಡಿದ. ಗುರುವಿನ ತುಟಿ ತೆರೆಯಲಿಲ್ಲ.

"ಒಂದೇ ತುತ್ತು. ನಿಮಗೆಂದೇ ಮಾಡಿದ್ದು."

"ನನಗಲ್ಲ. ಬಟ್ಟಲಿನದ್ದನ್ನು ಮರಳಿ ಕುಕ್ಕರಿಗೇ ಸುರಿ. ಮುಚ್ಚು. ಬಿಸಿ ಆರದ ಹಾಗೆ ಇಡು."

ಲೋಕಯ್ಯ ಚಮಚವನ್ನು ಬಟ್ಟಲಿಗಿಳಿಸಿದ.

"ಮತ್ತೆ ಯಾರಿಗೆ ಗುರುಗಳೇ?"

ಗುರು ನದಿಯ ಕಡೆ ನೋಡಿದ. ದೋಣಿ ಊರ ದಡದಲ್ಲಿ ನಿಂತಿತ್ತು.

"ನಾಳೆ ಇಲ್ಲಿ ಒಲೆ ಹಚ್ಚುವ ಹಾಗಿಲ್ಲ. ದೋಣಿ ಹತ್ತಿ ಬಂದವರು ಹಸಿದು ಹೋಗಬಾರದು."