ಮುಂಗುಸಿ ಬಿಟ್ಟ ಪತ್ರ

ಒಂದು ಕಾಡಿನಲ್ಲಿ ಒಂದು ಕಚೇರಿ ಇತ್ತು. ಕಚೇರಿ ಇದ್ದ ಮೇಲೆ ಪತ್ರಗಳು ಬರಲೇಬೇಕಲ್ಲ. ಕಾಗೆಗಳು ದಿನಕ್ಕೆ ನೂರಾರು ಎಲೆಪತ್ರಗಳನ್ನು ತಂದು ಸುರಿಯುತ್ತಿದ್ದವು. ಅವುಗಳಲ್ಲಿ ಕೆಲಸಕ್ಕೆ ಬರುವಂಥವು ಹತ್ತೋ ಹನ್ನೆರಡೋ. ಉಳಿದವೆಲ್ಲ ಬಾಲದ ಕೂದಲು ಉದುರದ ಎಣ್ಣೆ, ಕೂತಲ್ಲೇ ಬರುವ ಬಹುಮಾನ.

ಅದಕ್ಕೇ ಬಾಗಿಲಲ್ಲಿ ಮುಂಗುಸಿಯನ್ನು ಕೂರಿಸಿದ್ದರು. ಅವನು ಪ್ರತಿ ಎಲೆಯನ್ನೂ ಮೂಸುತ್ತಿದ್ದ. ಮೇಲೆ ಬರೆದ ಹೆಸರಿಗೂ ಎಲೆಯ ವಾಸನೆಗೂ ಹೊಂದಿಕೆಯಿದೆಯೇ? ಇದೇ ಮಾತು ಐವತ್ತು ಮಂದಿಗೆ ಬಂದಿದೆಯೇ? ‘ಕೂಡಲೇ’ ಎಂದು ಎಷ್ಟು ಸಲ ಬರೆದಿದೆ? ಅನುಮಾನ ಬಂದ ಎಲೆಯನ್ನು ಅವನು ಹರಿದು ಬಿಸಾಡುತ್ತಿರಲಿಲ್ಲ. ಪಕ್ಕದ ಪೊಟರೆಯಲ್ಲಿ ಇಟ್ಟು, ಸಂಜೆ ಅವರವರಿಗೆ ತಿಳಿಸುತ್ತಿದ್ದ.

ಉಗ್ರಾಣದ ಬೀಗದ ಕೈ ಅಳಿಲಕ್ಕನ ಬಳಿ ಇತ್ತು. ಮಳೆಗಾಲಕ್ಕೆಂದು ಇಡೀ ಕಾಡು ಕೂಡಿಟ್ಟ ಕಾಳು, ಜೇನು, ಒಣಹಣ್ಣು ಎಲ್ಲ ಅಲ್ಲೇ. ಒಮ್ಮೆ “ಉಗ್ರಾಣದ ಮಾಡು ಸೋರುತ್ತಿದೆ, ಕೂಡಲೇ, ಕೂಡಲೇ, ಕೂಡಲೇ ನೋಡಿ” ಎಂಬ ಪತ್ರ ಪೊಟರೆ ಸೇರಿತ್ತು.

“ಏನಣ್ಣಾ, ಇದು ನಮ್ಮ ಮರಕುಟಿಗನದು!” ಎಂದಳು ಅಳಿಲಕ್ಕ.

“ಅವನು ಬರೆಯುವುದೂ ಕುಟ್ಟಿದ ಹಾಗೇ ಇದೆಯಲ್ಲಕ್ಕಾ,” ಎಂದ ಮುಂಗುಸಿ. “ಆಗಲಿ, ಇನ್ನು ಅವನದನ್ನು ತಡೆಯುವುದಿಲ್ಲ. ನೀವು ಹೇಳಿದರೆ ತಾನೆ ನನಗೆ ಗೊತ್ತಾಗುವುದು?”

ಆ ಉಗ್ರಾಣದ ಮೇಲೆ ನರಿಗೆ ಬಹಳ ದಿನದಿಂದ ಕಣ್ಣು. ಸಿಂಹರಾಜನ ಹೆಸರಿನಲ್ಲಿ ಮೂರು ಪತ್ರ ಬರೆದ. ಮೂರೂ ನರಿಯ ವಾಸನೆ ಹೊಡೆದು ಪೊಟರೆಗೆ ಬಿದ್ದವು. ನಾಲ್ಕನೆಯ ಸಲ, ಪೊದೆಗೆ ಸಿಕ್ಕಿಕೊಂಡಿದ್ದ ಸಿಂಹದ ಕೇಸರದ ಕೂದಲನ್ನು ತಂದು ಎಲೆಗೆ ಚೆನ್ನಾಗಿ ತಿಕ್ಕಿದ. ಒಂದೇ ಒಂದು ‘ಕೂಡಲೇ’ ಇಲ್ಲದೆ ವಿನಯದಿಂದ ಬರೆದ. ಮುಂಗುಸಿ ಮೂಸಿದ. ಬಿಟ್ಟ.

“ದಯವಿಟ್ಟು ಇಂದು ಮಧ್ಯಾಹ್ನ ಉಗ್ರಾಣದ ಬಾಗಿಲು ತೆರೆದಿಟ್ಟು, ಮನೆಗೆ ಹೋಗಿ ವಿಶ್ರಾಂತಿ ಪಡೆಯಿರಿ. ಯಾರಿಗೂ ಹೇಳುವುದು ಬೇಡ,” ಎಂದಿತ್ತು ಅಳಿಲಕ್ಕನ ಕೈಸೇರಿದ ಆ ಪತ್ರದಲ್ಲಿ.

ಅಳಿಲಕ್ಕನಿಗೆ ಸಂತೋಷವಾಯಿತು. ಮುಂಗುಸಿಯಣ್ಣನೇ ಬಿಟ್ಟಿದ್ದಾನೆಂದ ಮೇಲೆ ನಿಜವೇ ಇರಬೇಕು. ಬೀಗ ತೆಗೆಯಲು ಹೊರಟೇಬಿಟ್ಟಳು. ಆದರೆ ದಾರಿಯಲ್ಲಿ ಒಂದು ಯೋಚನೆ ಬಂತು. ಏಳು ವರ್ಷದ ನೌಕರಿಯಲ್ಲಿ ಅವಳಿಗೆ ವಿಶ್ರಾಂತಿ ಬೇಕೆಂದು ಯಾವ ಮೇಲಧಿಕಾರಿಗೂ ಹೊಳೆದಿರಲಿಲ್ಲ. ಅಳಿಲಕ್ಕ ಅಲ್ಲಿಂದಲೇ ತಿರುಗಿ ನೇರವಾಗಿ ಸಿಂಹರಾಜನ ಗುಹೆಗೆ ನಡೆದಳು.

“ಒಡೆಯರೇ, ಈ ಪತ್ರ ತಾವು ಬರೆದದ್ದೇ?”

“ಬರೆಯುವುದೇ?” ಸಿಂಹ ಒಂದು ಕಣ್ಣು ತೆರೆದ. “ನನಗೇನಾದರೂ ಬೇಕಿದ್ದರೆ ಗರ್ಜಿಸುತ್ತೇನಮ್ಮ, ಗುಡ್ಡದಾಚೆಗೂ ಕೇಳುತ್ತದೆ. ‘ದಯವಿಟ್ಟು’ ಅಂತ ಎಂದಾದರೂ ಅಂದಿದ್ದೇನೆಯೇ?”

“ಇಲ್ಲ ಒಡೆಯರೇ.”

“ಮತ್ತೆ! ನಡಿ, ಬಾಗಿಲು ತೆರೆದಿಡು. ಒಳಗೆ ನಾನಿರುತ್ತೇನೆ.”

ಮಧ್ಯಾಹ್ನ ನರಿ ಎರಡು ಚೀಲ ಹಿಡಿದು ಶಿಳ್ಳೆ ಹಾಕುತ್ತ ಉಗ್ರಾಣದೊಳಗೆ ಹೋದ. ಹೊರಗೆ ಓಡಿ ಬಂದಾಗ ಚೀಲಗಳಿರಲಿಲ್ಲ, ಅರ್ಧ ಬಾಲವೂ ಇರಲಿಲ್ಲ.

ಅಳಿಲಕ್ಕ ಆ ಎಲೆಯನ್ನು ಮುಂಗುಸಿಗೆ ಒಪ್ಪಿಸಿದಳು. ಅವನು ಇನ್ನೊಮ್ಮೆ ನಿಧಾನವಾಗಿ ಮೂಸಿ, ಕೇಸರದ ವಾಸನೆಯ ಅಡಿಯಲ್ಲಿದ್ದ ನರಿಯನ್ನು ಗುರುತಿಟ್ಟುಕೊಂಡ. ನರಿ ಈಗ ಪಕ್ಕದ ಕಾಡಿನಲ್ಲಿದ್ದಾನೆ. ಅಲ್ಲಿನ ಕಚೇರಿ ಬಾಗಿಲಲ್ಲಿ ಮುಂಗುಸಿ ಇದ್ದಾನೋ ಇಲ್ಲವೋ ಎಂದು ವಿಚಾರಿಸುತ್ತಿದ್ದಾನಂತೆ.

ನೀತಿ: ಕಾವಲುಗಾರ ತಡೆದ ಮಾತ್ರಕ್ಕೆ ಪತ್ರ ಸುಳ್ಳಲ್ಲ, ಬಿಟ್ಟ ಮಾತ್ರಕ್ಕೆ ನಿಜವೂ ಅಲ್ಲ. ಕಚೇರಿಯ ಇಮೇಲ್ ಆದರೂ ಅಷ್ಟೆ: ಅನುಮಾನ ಬಂದರೆ ಕಳಿಸಿದವರನ್ನೇ ಹೋಗಿ ಕೇಳಬೇಕು.